ಅಮ್ಮನ ಹೊಸ್ತಿಲಿಗೆ ಹೊರಟಿದ್ದ ನೀರು

ನನ್ನ ಎಡಗಣ್ಣು ಹೋಗಿ ಹಲವು ವರ್ಷಗಳಾದವು. ಬಲಗಣ್ಣು ಹೇಗೆ ಉಳಿಯಿತು ಎಂಬುದನ್ನು ಉಚ್ಚಂಗಿದುರ್ಗದ ಗುಡ್ಡದ ದೇವಿ ಉಚ್ಚಂಗೆಮ್ಮನನ್ನು ನಂಬಿದವರ ಮುಂದೆ ಹೇಳಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೇ ದೊಡ್ಡದು. ಅದನ್ನು ಮುಚ್ಚಿಟ್ಟು ಅಮ್ಮನ ಕರುಣೆಯನ್ನಷ್ಟೇ ಹೇಳಿದರೆ ಸುಳ್ಳಾಗುತ್ತದೆ.

ನಾನು ಹರಪನಹಳ್ಳಿಯವನು. ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗಳನ್ನು ಹಳೆಯ ವ್ಯಾನೊಂದರಲ್ಲಿ ತುಂಬಿಕೊಂಡು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಮಾರುತ್ತಿದ್ದೆ. ನನಗಿಂತ ಮೊದಲು ಮೂವರು ಓಡಿಸಿ ಬಿಟ್ಟಿದ್ದ ಗಾಡಿ ಅದು. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಸುರಿಯುತ್ತಿದ್ದೆ. ಸೈಲೆನ್ಸರ್ ತೂತಾದರೆ ತಗಡು ಸುತ್ತಿ ತಂತಿ ಬಿಗಿಯುತ್ತಿದ್ದೆ. ಒಮ್ಮೆ ಫ್ಯಾನ್ ಬೆಲ್ಟು ಹರಿದಾಗ ಹೆಂಡತಿ ಗಿರಿಜಳ ಹಳೆಯ ಸೀರೆಯನ್ನು ಹೊಸೆದು ಕಟ್ಟಿಕೊಂಡು ಊರು ಮುಟ್ಟಿದ್ದೆ. ಗಾಡಿಯನ್ನು ಮೆಕ್ಯಾನಿಕ್ ಕೈಗೆ ಕೊಡುವುದೆಂದರೆ ನನಗೆ ಸೋತಂತೆ.

ಎಂಬತ್ತೆರಡನೆಯ ಇಸವಿಯ ಬೇಸಿಗೆ. ಬ್ಯಾಟರಿ ಮುದಿಯಾಗಿ, ತಳ್ಳದೆ ಗಾಡಿ ಚಾಲೂ ಆಗುತ್ತಿರಲಿಲ್ಲ. ಡೈನಮೊದಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡಲು ಕಟೌಟ್ ಎಂಬ ಡಬ್ಬಿ ಇರುತ್ತದೆ. ಅದನ್ನು ಬಿಚ್ಚಿ, ಒಳಗಿನ ಸ್ಪ್ರಿಂಗು ಬಿಗಿ ಮಾಡಿ, ಕರೆಂಟು ಹೆಚ್ಚು ಹೋಗುವಂತೆ ಮಾಡಿದೆ. ಮಾರನೆಯ ದಿನ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ನಾನು ಮೀಸೆ ತಿರುವಿದೆ.

ಬಸ್ ಸ್ಟ್ಯಾಂಡ್ ಹಿಂದಿನ ಶೆಡ್ಡಿನ ಮೆಕ್ಯಾನಿಕ್ ಇಮಾಮ್‌ಸಾಬರು ಅದನ್ನು ಹೇಗೋ ಕಂಡುಹಿಡಿದರು.

"ಅಣ್ಣಾರ, ಬ್ಯಾಟರಿ ಕುದಿಯಾಕ ಹತ್ತೈತಿ, ವಾಸನಿ ಬರ್ತೈತಿ ನೋಡ್ರಿ. ಕಟೌಟು ಮುಟ್ಟಬಾರದಾಗಿತ್ತು ನೀವು. ಇಲ್ಲೇ ಬಿಡ್ರಿ, ನಾ ಸರಿ ಮಾಡ್ತೀನಿ."

"ದುರ್ಗಕ್ಕ ಹೋಗಿ ಬರ್ತೀನಿ ಸಾಬ್ರ, ಆಮ್ಯಾಲೆ ನೋಡೂಣು" ಎಂದು ಹೊರಟುಬಿಟ್ಟೆ.

ಅಂದು ಶುಕ್ರವಾರ. ಗಿರಿಜಾ ಪಕ್ಕದಲ್ಲಿ ಕೂತಿದ್ದಳು. ಉಚ್ಚಂಗಿದುರ್ಗದ ಗುಡ್ಡ ಕಾಣಿಸುವ ಹೊತ್ತಿಗೆ ಗಾಡಿಯೊಳಗೆ ಗಂಟಲು ಕೆರೆಯುವಂಥ ಹುಳಿ ವಾಸನೆ ತುಂಬಿತು. ರಸ್ತೆ ಬದಿಗೆ ನಿಲ್ಲಿಸಿ ಸೀಟು ಎತ್ತಿದೆ. ಬ್ಯಾಟರಿ ಅದರ ಕೆಳಗೇ ಇತ್ತು. ಮುಚ್ಚಳಗಳನ್ನು ತಿರುವಿ ತೆಗೆದೆ. ಆ ಗೂಡಿನಲ್ಲಿ ಹಗಲಲ್ಲೂ ಕತ್ತಲೆ. ಒಳಗೆ ನೀರು ಎಷ್ಟಿದೆ ಎಂದು ಕಾಣಲಿಲ್ಲ.

"ಕಡ್ಡಿಪೆಟ್ಟಿಗಿ ಕೊಡು" ಎಂದೆ. ಗಿರಿಜಾ ಕೊಟ್ಟಳು. ಮುಖ ಬಗ್ಗಿಸಿ ಕಡ್ಡಿ ಗೀರಿದೆ.

ಸದ್ದು ನನಗೆ ನೆನಪಿಲ್ಲ. ಮುಖಕ್ಕೆ ಯಾರೋ ಬಡಿದಂತಾಯಿತು, ಮರುಗಳಿಗೆಯಲ್ಲಿ ಎರಡೂ ಕಣ್ಣಿಗೆ ಕೆಂಡ ಒತ್ತಿದ ಹಾಗೆ ಉರಿ. ಕುದಿಯುವ ಬ್ಯಾಟರಿಯ ಗ್ಯಾಸಿಗೆ ಬೆಂಕಿ ತಗುಲಿ ಅದು ಸಿಡಿದು, ಆಸಿಡ್ ಮುಖಕ್ಕೆ ಹಾರಿತ್ತು. ನೆಲದ ಮೇಲೆ ಹೊರಳಾಡಿದೆ. ಗಿರಿಜಾ ಕಿರುಚುತ್ತ ಬರಿಗೈಯಿಂದ, ಸೆರಗಿನಿಂದ ಮುಖ ಒರೆಸತೊಡಗಿದಳು. ಗಾಡಿಯ ತುಂಬ ಹೊಸ ಕೊಡ, ಹೊಸ ತಂಬಿಗೆ. ಕುಡಿಯಲು ಕೂಡ ಒಂದು ಹನಿ ನೀರಿರಲಿಲ್ಲ. "ಅವ್ವಾ ಉಚ್ಚಂಗೆವ್ವಾ, ನನ್ನ ಕಣ್ಣು, ನನ್ನ ಕಣ್ಣು" ಎಂದು ಅರಚಿದ್ದೊಂದು ಗೊತ್ತು. ಅಲ್ಲಿಯವರೆಗೆ ನಾನು ಅಂಥ ಭಕ್ತನೇನಲ್ಲ. ಗುಡ್ಡ ಕಂಡಾಗ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದನ್ನು ಎದೆಗೆ ಮುಟ್ಟಿಸಿಕೊಳ್ಳುತ್ತಿದ್ದೆ, ಅಷ್ಟೆ.

ಆಗ ಮುದುಕಿಯೊಬ್ಬಳ ಧ್ವನಿ ಕೇಳಿತು, ಒಡಕು ಧ್ವನಿ.

"ಒರಸಬ್ಯಾಡವ್ವಾ! ಒರಸಿದ್ರ ಕಣ್ಣು ಹೋಗ್ತಾವು. ಸರಿ ಅತ್ತ. ಅವನ ತಲಿ ಹಿಡಕೋ."

ಒರಟು ಬೆರಳುಗಳು ನನ್ನ ರೆಪ್ಪೆ ಬಿಡಿಸಿದವು. ನೀರು ಬಿತ್ತು. ಮತ್ತೆ ಬಿತ್ತು. ತಂಬಿಗೆಯಿಂದ ತಂಬಿಗೆ, ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ. "ನಮ್ಮದು ಸುಣ್ಣದ ಭಟ್ಟಿ ಐತಪ್ಪ. ಕಣ್ಣಾಗ ಸುಣ್ಣ ಬಿದ್ರ ಹಿಂಗ ತೊಳೀಬೇಕು. ಕಣ್ಣು ಮುಚ್ಚಬ್ಯಾಡ, ತಡಕೋ" ಎನ್ನುತ್ತಲೇ ತಾನು ಹೊತ್ತು ತಂದಿದ್ದ ಕೊಡ ಪೂರ್ತಿ ಖಾಲಿಯಾಗುವವರೆಗೆ ಸುರಿದಳು. ಬಸ್ಸೊಂದು ಬಂದು ನಿಂತಿತು. ನನ್ನನ್ನು ಎತ್ತಿ ಒಳಗೆ ಕೂರಿಸಿದರು. ಆಕೆ ಯಾರು, ಯಾವ ಊರು ಎಂದು ಕೇಳಲು ಗಿರಿಜಳಿಗೂ ಬುದ್ಧಿ ಹೊಳೆಯಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಎರಡೂ ಕಣ್ಣಿಗೆ ಪಟ್ಟಿ. ಎಡಗಣ್ಣಿನ ಆಸೆ ಬಿಡಿ ಎಂದು ಮೂರನೆಯ ದಿನವೇ ಹೇಳಿದರು. ಬಲಗಣ್ಣಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಗಿರಿಜಾ ಅನ್ನ ಕಲಸಿ ಬಾಯಿಗಿಡುವಾಗ "ಕಡ್ಡಿಪೆಟ್ಟಿಗಿ ನಾನ ಕೊಟ್ಟೆ" ಎಂದು ಬಿಕ್ಕುತ್ತಿದ್ದಳು. ಕೇಳಿದವನು ನಾನು ಎಂದರೂ ಅವಳಿಗೆ ಸಮಾಧಾನವಿಲ್ಲ. ಇಮಾಮ್‌ಸಾಬರು ಬಸ್ಸು ಹತ್ತಿ ಬಂದರು. ಬೈಯುತ್ತಾರೆಂದುಕೊಂಡಿದ್ದೆ. ನನ್ನ ಕೈ ಹಿಡಿದು, "ಅವತ್ತು ಗಾಡಿ ಕೀಲಿ ಕಸಗೊಂಡು ಇಟ್ಕೋಬೇಕಿತ್ತು ನಾನು" ಎಂದು ಅತ್ತುಬಿಟ್ಟರು. ನನ್ನ ಜಂಬಕ್ಕೆ ಇಬ್ಬರು ತಪ್ಪಿತಸ್ಥರಾಗಿ ಕೊರಗುತ್ತಿದ್ದರು. ಆ ಹಾಸಿಗೆಯಲ್ಲಿ ಸಾಯುವ ಯೋಚನೆಯೂ ಬಂದದ್ದುಂಟು. ಮಹಡಿಯ ಮೆಟ್ಟಿಲು ಎಲ್ಲಿದೆ ಎಂದು ಪಕ್ಕದ ಹಾಸಿಗೆಯವನನ್ನು ಕೇಳಿ ತಿಳಿದುಕೊಂಡಿದ್ದೆ. ಅಲ್ಲಿಗೆ ನಡೆಯಲು ಎದ್ದು ಕೂತವನು, ಏಕೋ, "ಅವ್ವಾ, ಒಂದು ಸಾಕು. ಒಂದು ಕಣ್ಣು ಕೊಡು" ಎಂದು ಬೇಡಿಕೊಂಡು ಮತ್ತೆ ಮಲಗಿದೆ. ಆಮೇಲಿನ ದಿನಗಳಲ್ಲಿ ಬೇರೆ ಮಾತೇ ನನ್ನ ಬಾಯಲ್ಲಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಬಲಗಣ್ಣಿಗೆ ಮೊದಲು ಬೂದಿ ಬಣ್ಣ ಕಂಡಿತು. ಆಮೇಲೆ ಗಿರಿಜಳ ಕೈ. ಬೆರಳುಗಳೆಲ್ಲ ಸುಟ್ಟು ಚರ್ಮ ಸುಲಿದಿತ್ತು. ನನ್ನ ಮುಖ ಒರೆಸಿದ ಕೈ ಅದು. ಹನ್ನೊಂದು ದಿನ ಅದೇ ಕೈಯಿಂದ ತುತ್ತು ಕೊಟ್ಟಿದ್ದಳು, ಒಮ್ಮೆಯೂ ಹೇಳಿರಲಿಲ್ಲ.

ಡಾಕ್ಟರು ಕೇಳಿದರು: "ತಕ್ಷಣ ಅಷ್ಟು ನೀರು ಹಾಕಿದ್ದು ಯಾರ್ರೀ? ಇಲ್ಲಿಗೆ ಬಂದ ಮೇಲೆ ನಾವು ಮಾಡಿದ್ದು ಕಡಿಮೆ. ಈ ಕಣ್ಣು ಉಳಿದಿದ್ದು ಆ ನೀರಿನಿಂದ."

ಆಕೆಯನ್ನು ಹುಡುಕಲೇಬೇಕೆಂದುಕೊಂಡೆ. ನಾನು ಮುಖ ಕಂಡವನಲ್ಲ, ಆ ಗಾಬರಿಯಲ್ಲಿ ಗಿರಿಜಳಿಗೂ ಅದು ನೆನಪಿನಲ್ಲಿ ಉಳಿದಿರಲಿಲ್ಲ, ಧ್ವನಿಯೊಂದೇ ಗುರುತು. ಗಾಡಿಯನ್ನು ಇಮಾಮ್‌ಸಾಬರ ಶೆಡ್ಡಿಗೆ ಬಿಟ್ಟು, ಶುಕ್ರವಾರಗಳಂದು ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ, ಗುಡ್ಡದ ಮೆಟ್ಟಿಲ ಬುಡದಲ್ಲಿ ಕೂತು ಬಂದುಹೋಗುವವರ ಮಾತಿಗೆ ಕಿವಿಗೊಟ್ಟೆ. ಮೂರನೆಯ ಶುಕ್ರವಾರ ಆ ಒಡಕು ಧ್ವನಿ ಕೇಳಿಸಿತು. ತಲೆಯ ಮೇಲೆ ತಾಮ್ರದ ಕೊಡ ಹೊತ್ತ ಸಣಕಲು ಮುದುಕಿ, ಹೊನ್ನಮ್ಮ. ಹೋಗಿ ಕಾಲಿಗೆ ಬಿದ್ದೆ. ಮುಖದ ಕಲೆ ನೋಡಿ ಗುರುತು ಹಿಡಿದಳು.

"ಕಾಣತೈತೇನಪ್ಪ?"

"ಒಂದು ಕಾಣತೈತ್ರಿ ಅವ್ವಾರ. ಅವತ್ತು ಆ ನೀರು ಎಲ್ಲಿಗೆ ಒಯ್ತಿದ್ರಿ?"

ಆಕೆ ನಿಂತಲ್ಲೇ ಹೇಳಿದಳು. ಹೆರಿಗೆಯಾದ ಮಗಳಿಗೆ ನಂಜು ಏರಿತ್ತು. ಮನೆಯ ಬಾವಿಯ ನೀರನ್ನು ನೆಲಕ್ಕೆ ಇಳಿಸದೆ ಹೊತ್ತು ತಂದು ಐದು ಶುಕ್ರವಾರ ಅಮ್ಮನ ಹೊಸ್ತಿಲಿಗೆ ಹಾಕುವ ಹರಕೆ ಹೊತ್ತಿದ್ದಳು. ಅಂದು ಐದನೆಯದು. ಕೊಡ ಇಳಿಸಿ ನನ್ನ ಕಣ್ಣಿಗೆ ಸುರಿದಳು. ನಾಲ್ಕು ದಿನಕ್ಕೆ ಮಗಳು ತೀರಿಕೊಂಡಳು.

"ನಿಮ್ಮ ಮಗಳ ನೀರು ನಾನು ಕಸಗೊಂಡೆ" ಎಂದೆ.

"ಹಂಗನ್ನಬ್ಯಾಡ. ನಿನ್ನ ಬಿಟ್ಟು ಹೋಗಿದ್ರ ನಾನು ಯಾವ ಮಖ ಹೊತ್ತು ಅವ್ವನ ಹೊಸ್ತಿಲಕ್ಕ ನೀರು ಹಾಕಲಿ? ಸಿಟ್ಟು ಐತಪ್ಪ ನನಗ ಈ ಗುಡ್ಡದವ್ವನ ಮ್ಯಾಲೆ. ಹೊಟ್ಟಿ ಉರೀತೈತಿ. ಆದ್ರ ಕೂಸು ಉಳದೈತಿ. ಅದರ ಸಲುವಾಗಿ ಹೊತ್ತೀನಿ ಈಗ."

"ಇವತ್ತು ನಾ ಹೊರ್ತೀನಿ, ಕೊಡ್ರಿ ಅವ್ವಾರ."

ಆಕೆ ಕೊಡವನ್ನು ನೆಲಕ್ಕೆ ತಾಗಿಸದೆ ನನ್ನ ತಲೆಯ ಮೇಲಿಟ್ಟಳು. ಒಂದೇ ಕಣ್ಣಿನವನಿಗೆ ಮೆಟ್ಟಿಲಿನ ಎತ್ತರ ತಿಳಿಯುವುದಿಲ್ಲವೆಂದು ನನಗೆ ಅಂದೇ ಗೊತ್ತಾದದ್ದು. ಮೊದಲ ಮೆಟ್ಟಿಲಿಗೇ ಎಡವಿದೆ. ಆಕೆ ನನ್ನ ಮೊಣಕೈ ಹಿಡಿದುಕೊಂಡಳು. "ಕಾಲು ಎತ್ತು. ಹಾಂ. ಇನ್ನೊಂದು ಐತಿ, ಎತ್ತು" ಎನ್ನುತ್ತ ಗುಡ್ಡದ ಮೇಲಿನವರೆಗೂ ಬಂದಳು.

ಒಬ್ಬರಿಗೆ ಕೊಟ್ಟು ಒಬ್ಬರಿಂದ ಯಾಕೆ ತೆಗೆದೆ ಎಂದು ಅಮ್ಮನನ್ನು ನಾನು ಇಂದಿಗೂ ಕೇಳುತ್ತೇನೆ. ಕರೆದಾಗ ಆಕೆ ಬಂದದ್ದು ಮಾತ್ರ ನನಗೆ ಗೊತ್ತು. ಬಂದ ಬೆರಳುಗಳ ಒರಟು ಇನ್ನೂ ನನ್ನ ರೆಪ್ಪೆಯ ಮೇಲಿದೆ. ಅಂದು ನೀರು ಹಾಕಿ ಕೊಡ ಇಳಿಸಿದಾಗ ಹೊನ್ನಮ್ಮ ಹೊಸ್ತಿಲಿಗೆ ತಲೆಯಿಟ್ಟು ಬಹಳ ಹೊತ್ತು ಏಳಲಿಲ್ಲ. ನಾನೂ ಪಕ್ಕದಲ್ಲಿ ತಲೆಯಿಟ್ಟೆ, ಆಕೆಯ ಮೊಮ್ಮಗುವಿಗಾಗಿ ಬೇಡಿಕೊಂಡೆ. ನನಗಾಗಿ ಕೇಳುವುದು ಏನೂ ಉಳಿದಿರಲಿಲ್ಲ.