ಬಂದವರ ಎದುರು ಮಗ ನಡೆದದ್ದು

ನನ್ನ ಮಗ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ನಡೆದದ್ದು ನಮ್ಮ ಮನೆಯಲ್ಲಲ್ಲ, ರಾಯಾಪುರದ ಅಂಗವಿಕಲ ಮಕ್ಕಳ ಕೇಂದ್ರದ ಪಡಸಾಲೆಯಲ್ಲಿ. ಆಗ ಅವನಿಗೆ ಆರು ವರ್ಷ. ಹುಟ್ಟಿದಾಗ ತಡವಾಗಿ ಅತ್ತಿದ್ದ. ಮೆದುಳಿಗೆ ಪೆಟ್ಟಾಗಿದೆ, ಕಾಲುಗಳು ಬಿಗಿಯಾಗಿಯೇ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರು. ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಓಣಿಯಲ್ಲಿ ಅವನ ವಾರಿಗೆಯ ಹುಡುಗರು ಪಾಟೀಚೀಲ ಹಾಕಿಕೊಂಡು ಸಾಲಿಗೆ ಹೊರಡುವ ಹೊತ್ತಿಗೆ ನಾನು ಅವನನ್ನು ಬಗಲಲ್ಲಿ ಎತ್ತಿಕೊಂಡು ಬಸ್ಸಿಗೆ ನಿಲ್ಲುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ಕೇಂದ್ರವೆಂದರೆ ಒಂದು ಹಳೆಯ ಮನೆ, ಅಷ್ಟೆ. ಅರಳೆ ವ್ಯಾಪಾರದ ಮನೆತನದವರು ತಮ್ಮ ಗೋದಾಮಿನ ಪಕ್ಕದ ಆ ಮನೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು. ದವಾಖಾನೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುವ ನೌಕರಿ ಬಿಟ್ಟು ಬಂದ ಹೆಣ್ಣುಮಗಳೊಬ್ಬರು ಅದನ್ನು ನಡೆಸುತ್ತಿದ್ದರು. ಅವರನ್ನು ನಾವೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಮಕ್ಕಳನ್ನು ಎತ್ತಿ ಇಳಿಸಲು, ತೊಳೆಯಲು, ಉಣಿಸಲು ಇಬ್ಬರು ಆಯಾಗಳಿದ್ದರು. ಮಿಕ್ಕ ಕೆಲಸಕ್ಕೆ ನಾವು ತಾಯಂದಿರು. ಸರಕಾರದ ಹಣ ಇರಲಿಲ್ಲ. ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಯಾರಾದರೂ ಬಂದು ಕೊಟ್ಟು ಹೋದದ್ದರಲ್ಲೇ ತಿಂಗಳು ಸಾಗಬೇಕಿತ್ತು.

ಅವನು ನಡೆದ ದಿನ ಒಬ್ಬ ವಯಸ್ಸಾದ ಸಾವಕಾರರು ಬಂದಿದ್ದರು. ಚೆಂಡು ಉರುಳಿ ಅವರ ಕಾಲ ಬಳಿ ಹೋಯಿತು. ಮಗ ಕಂಬಿ ಹಿಡಿದು ನಿಂತಿದ್ದವನು ಅದನ್ನು ಬಿಟ್ಟು, ತೋಳು ಎರಡೂ ಕಡೆ ಚಾಚಿ, ಅತ್ತ ನಡೆದುಬಿಟ್ಟ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಕ್ಕೋರು ಬೀಳದಂತೆ ಅವನ ಹಿಂದೆಯೇ ಬಗ್ಗಿ ಹೋದರು. ಸಾವಕಾರರು ಅಲ್ಲೇ ಅತ್ತರು. ಮುಂದೆ ಬಹಳ ದಿನ ಇಬ್ಬರು ಆಯಾಗಳ ಪಗಾರ ಅವರ ಅಂಗಡಿಯಿಂದಲೇ ಬಂತು.

ಅದಾದ ಮೇಲೆ ಯಾರಾದರೂ ದೊಡ್ಡವರು ಬರುವುದಿದ್ದರೆ ಅಕ್ಕೋರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದರು. "ನಾಳೆ ಮಂದಿ ಬರೋರಿದ್ದಾರ್ರಿ. ಇವನ್ನ ನಾಲ್ಕು ಹೆಜ್ಜಿ ನಡಸೋಣಲ್ಲಾ?"

ನಡೆಸೋಣ ಎನ್ನುತ್ತಿದ್ದೆ. ಒಲ್ಲೆ ಅನ್ನಬೇಕೆಂದು ನನಗೆ ಅನಿಸಲೇ ಇಲ್ಲ. ಇಷ್ಟು ವರ್ಷ ಓಣಿಯ ಹೆಂಗಸರ ಮರುಕದ ಮಾತು ಕೇಳಿದವಳಿಗೆ ಆ ಚಪ್ಪಾಳೆ ಹೊಸದು. ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಎಣ್ಣೆ ಹಚ್ಚಿ ಕ್ರಾಪು ತೆಗೆದು, ಮುಖಕ್ಕೆ ಪೌಡರು ಬಳಿದು ಕರೆದೊಯ್ಯುತ್ತಿದ್ದೆ. ಬಂದವರು ಕುರ್ಚಿಯಲ್ಲಿ ಸಾಲಾಗಿ ಕೂಡುತ್ತಿದ್ದರು. ಅವನು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದ. ಚಪ್ಪಾಳೆ ಬಿದ್ದ ಮೇಲೆ ಅವರು ತಂದ ಜಿಲೇಬಿ ಹಂಚುತ್ತಿದ್ದರು. ಅಗಿಯಲು ಬಾರದ ಮಕ್ಕಳೇ ಅಲ್ಲಿ ಹೆಚ್ಚು. ಅವರೆಲ್ಲ ಹೋದ ನಂತರ ಹಿರಿಯ ಆಯಾ ಆ ಜಿಲೇಬಿಯನ್ನು ಹಾಲಿನಲ್ಲಿ ಕಿವುಚಿ ಒಬ್ಬೊಬ್ಬರ ಬಾಯಿಗೆ ಇಡುತ್ತಿದ್ದಳು.

ಹೆಬ್ಬಳ್ಳಿಯಿಂದ ಒಬ್ಬ ತಾಯಿ ಬರುತ್ತಿದ್ದಳು. ಒಕ್ಕಲುತನದ ಮನೆಯ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳ ಮಗಳಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಒಂದು ಬಟ್ಟಲು ಗಂಜಿ ಕುಡಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ಕುಡಿದದ್ದರಲ್ಲಿ ಅರ್ಧ ಗಲ್ಲದ ಮೇಲೆ ಇಳಿಯುತ್ತಿತ್ತು. ಒಮ್ಮೆ ಹಾಗೆ ಕುಡಿಸುವಾಗ ನೋಡಲು ಬಂದ ಹೆಂಗಸೊಬ್ಬಳು ಮುಖ ತಿರುಗಿಸಿ ಸೀರೆಯ ಅಂಚನ್ನು ಮೂಗಿಗೆ ಹಿಡಿದದ್ದನ್ನು ಕಂಡೆ. ನಾನೇ ಎದ್ದು ಹೋಗಿ ಹೇಳಿದೆ: "ತಂಗೀ, ಒಂಚೂರು ಅಡಗಿ ಮನ್ಯಾಗ ಕುಂದರ್ತಿಯೇನು? ಇವರು ಹೋಗೂಮಟ."

ಅವಳು ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮುಂದಿನ ಸಲ ನಾನು ಹೇಳುವ ಪ್ರಸಂಗವೇ ಬರಲಿಲ್ಲ. ಹೊರಗೆ ಕಾರು ನಿಂತ ಸಪ್ಪಳ ಕೇಳಿದರೆ ಸಾಕು, ತಾನೇ ಎದ್ದು ಹೋಗುತ್ತಿದ್ದಳು. ಅವಳನ್ನು ನೋಡಿ ಮತ್ತೆ ಇಬ್ಬರು ತಾಯಂದಿರು ಹಾಗೇ ಮಾಡತೊಡಗಿದರು. ಪಡಸಾಲೆಯಲ್ಲಿ ಕೂತು ನಗಬಲ್ಲ, ಕೈ ಬೀಸಬಲ್ಲ ಮಕ್ಕಳಷ್ಟೇ ಉಳಿಯುತ್ತಿದ್ದರು. ನಡುವೆ ನನ್ನ ಮಗ.

ಅವನಿಗೆ ಎಂಟು ನಡೆಯುವಾಗ ಕಾಲಿಗೆ ಹೊಸ ಕ್ಯಾಲಿಪರ್ ಬೂಟು ಮಾಡಿಸಿದೆವು. ಕಬ್ಬಿಣದ ಪಟ್ಟಿ ಕಾಲ್ಗಣ್ಣಿನ ಮೇಲೆ ಉಜ್ಜಿ ಹುಣ್ಣಾಯಿತು. ಅದೇ ವಾರ ಧಾರವಾಡದ ಕೆಲವು ಗೃಹಸ್ಥರು ಹೆಂಡಂದಿರ ಸಮೇತ ಬರುವವರಿದ್ದರು. ಅವರು ವರ್ಷದ ಖರ್ಚನ್ನೇ ವಹಿಸಿಕೊಳ್ಳಬಹುದೆಂದು ಅಕ್ಕೋರಿಗೆ ಆಸೆಯಿತ್ತು. ಮುಂಜಾನೆ ಹುಣ್ಣನ್ನು ನೋಡಿದೆ. ಹತ್ತಿ ಇಟ್ಟು, ಎರಡು ಕಾಲುಚೀಲ ಹಾಕಿ, ಅದರ ಮೇಲೆ ಬೂಟು ಬಿಗಿದೆ. ಅವನು ತುಟಿ ಕಚ್ಚಿದ. ಅಳಲಿಲ್ಲ.

ಪಡಸಾಲೆಯ ನಡುವೆ ಬಂದವನು ನಿಂತುಬಿಟ್ಟ. ನಾನು ಆಚೆಯ ಗೋಡೆಯ ಹತ್ತಿರದಿಂದ "ಬಾ, ಬಾ" ಎಂದೆ. ಇನ್ನೆರಡು ಹೆಜ್ಜೆ ಹಾಕಿ, ಗೋಡೆ ಮುಟ್ಟದೆ, ಮೆಲ್ಲಗೆ ಕೆಳಗೆ ಕೂತ. "ಪಾಪ, ಪಾಪ" ಎಂದರು. ಫೋಟೋ ತೆಗೆಯುತ್ತಿದ್ದವರು ಕ್ಯಾಮೆರಾ ಕೆಳಗಿಳಿಸಿದರು. ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೇಳಿ ಹೊರಟುಹೋದರು.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅವನು ನನ್ನ ತೊಡೆಯ ಮೇಲೆ ಕೂತು ಹೊರಗೆ ನೋಡುತ್ತಿದ್ದ. ಉಣಕಲ್ಲು ದಾಟಿದ ಮೇಲೆ ಕೇಳಿದ: "ಅವ್ವಾ, ಅವರು ರೊಕ್ಕಾ ಕೊಟ್ರೇನು?"

ನಾನು ಅವನ ಅಂಗಿಯ ಕಾಲರು ಸರಿ ಮಾಡಿದೆ.

"ಕೊಡಲಿಲ್ಲೇನು? ನಾ ಇವತ್ತ ಛಲೋ ನಡೀಲಿಲ್ಲಲ್ಲಾ, ಅದಕ್ಕ."

ಅಷ್ಟು ದಿನ ಅವನು ನಡೆಯುವುದು ತನ್ನ ಖುಷಿಗೆ, ನನ್ನ ಖುಷಿಗೆ ಎಂದುಕೊಂಡಿದ್ದೆ. ಅವನು ಆಯಾಗಳ ಪಗಾರಕ್ಕೆ ನಡೆಯುತ್ತಿದ್ದ. ಅದು ಅವನಿಗೆ ಗೊತ್ತಿತ್ತು. ಮನೆಗೆ ಬಂದು ಬೂಟು ಬಿಚ್ಚಿದರೆ ಕಾಲುಚೀಲ ಹುಣ್ಣಿಗೆ ಅಂಟಿತ್ತು. ಬಿಸಿನೀರಿನಲ್ಲಿ ನೆನೆಸಿ ಬಿಡಿಸುವಾಗ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮರುದಿನ ಅಕ್ಕೋರಿಗೆ ಹೇಳಿದೆ. "ಇನ್ನ ಮ್ಯಾಲೆ ಅವನ್ನ ಮಂದಿ ಮುಂದ ನಡಸೂದು ಬ್ಯಾಡ್ರಿ ಅಕ್ಕೋರ."

ಅವರು ಒಂದು ಮಗುವಿನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ನನಗೂ ಅದು ಬರೋಬರಿ ಅನಸ್ತಿರಲಿಲ್ರಿ. ನೀವು ಯಾವಾಗ ಹೇಳತೀರಿ ಅಂತ ಕಾಯಾಕತ್ತಿದ್ದೆ. ನಾನಽ ನಿಲ್ಲಿಸಬೇಕಾಗಿತ್ತು. ಆದ್ರ ಪಗಾರ ಎಲ್ಲಿಂದ ತರೂದು ಅಂತ ಸುಮ್ಮನಿದ್ದೆ." ಆಮೇಲೆ ತಲೆ ಎತ್ತಿ, "ಬ್ಯಾಡ. ಇವತ್ತಿಗೆ ಮುಗೀತದು" ಎಂದರು.

ಮುಗಿಯಿತು. ಅದರ ಹಿಂದೆಯೇ ಹಣವೂ ಕಡಿಮೆಯಾಗುತ್ತ ಬಂತು. ಹಳೆಯ ಸಾವಕಾರರ ಮಗ ಒಮ್ಮೆ ಬಂದು "ಆ ನಡಿಯೋ ಹುಡುಗ ಎಲ್ಲಿ?" ಎಂದು ಕೇಳಿದ. ಪಾಠಕ್ಕೆ ಕೂತಿದ್ದಾನೆ ಎಂದರು ಅಕ್ಕೋರು. ಅವನು ಆಮೇಲೆ ಬರಲಿಲ್ಲ. ಅಕ್ಕೋರು ತಮ್ಮ ಲೂನಾ ಹತ್ತಿ ಹುಬ್ಬಳ್ಳಿಯ ಅಂಗಡಿ ಅಂಗಡಿ ತಿರುಗಿದರು. ಆಯಾಗಳ ಪಗಾರ ಒಂದು ತಿಂಗಳು ತಡವಾಯಿತು, ಮರುತಿಂಗಳು ಅರ್ಧವೇ ಬಂತು.

ಹಿರಿಯ ಆಯಾ ಬಿಟ್ಟು ಹೋಗುವ ದಿನ ನಾನು ಅಲ್ಲೇ ಇದ್ದೆ. ತನ್ನ ಊಟದ ಡಬ್ಬಿ ಕೈಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದಳು: "ಸ್ವಂಟಾ ಹಿಡದೈತಿ, ಪಗಾರೂ ಇಲ್ಲ. ಎರಡರಾಗ ಒಂದರ ನೆಟ್ಟಗಿರಬೇಕಲ್ಲವಾ." ಅದರಲ್ಲಿ ಸಿಟ್ಟಿರಲಿಲ್ಲ. ನನ್ನ ಮಗನ ತಲೆ ಸವರಿ ಹೋದಳು. ನಾನು ಹೇಳಿದ ಒಂದು ಮಾತಿನಿಂದ ಅವಳ ಒಲೆಗೆ ನೀರು ಬಿತ್ತು ಎಂದು ಆ ದಿನವೆಲ್ಲ ಅನಿಸಿತು. ಹಾಗಂತ ಆ ಮಾತನ್ನು ಹಿಂದೆ ತೆಗೆದುಕೊಳ್ಳಲೂ ಸಾಧ್ಯವಿರಲಿಲ್ಲ. ಯಾವ ಕಡೆ ಹೊರಳಿದರೂ ಚುಚ್ಚುತ್ತಿತ್ತು.

ಅವಳ ಕೆಲಸವನ್ನು ತಾಯಂದಿರು ಪಾಳಿಯ ಮೇಲೆ ಹಂಚಿಕೊಂಡೆವು. ಹತ್ತು ವರ್ಷದ ಮಕ್ಕಳನ್ನು ಬಚ್ಚಲಿಗೆ ಎತ್ತಿ ಒಯ್ದು ತಂದರೆ ಮಧ್ಯಾಹ್ನಕ್ಕೆ ಬೆನ್ನು ನಮ್ಮದಲ್ಲ ಎನಿಸುತ್ತಿತ್ತು. ಅವಳು ಇದನ್ನು ಇಷ್ಟು ವರ್ಷ ದಿನಾಲೂ ಮಾಡಿದ್ದಳು. ಒಂದು ದಿನವಾದರೂ ರಜೆ ತಗೋ ಎಂದು ನಾವು ಯಾರೂ ಅಂದಿರಲಿಲ್ಲ. ಅಕ್ಕೋರಿಗೂ ಅಂದಿರಲಿಲ್ಲ. ಅವರು ಜ್ವರದಲ್ಲೇ ಬಂದು ಒಂದು ದಿನ ಗೋಡೆಗೆ ಒರಗಿ ಕುಸಿದಾಗ ಗದರಿಸಿದವಳು ಹೆಬ್ಬಳ್ಳಿಯ ತಾಯಿ. "ನೀವು ಬಿದ್ರ ಈ ಕೂಸುಗೋಳ ಗತಿ ಏನ್ರಿ? ಮನೀಗೆ ನಡೀರಿ. ರವಿವಾರ ಇತ್ತಾಗ ಮಾರೀನಽ ಹಾಕಬ್ಯಾಡ್ರಿ." ಅಂದಿನಿಂದ ಎಲ್ಲರಿಗೂ ವಾರಕ್ಕೊಂದು ದಿನ ರಜೆ ಎಂದಾಯಿತು.

ಹೆಬ್ಬಳ್ಳಿಯ ತಾಯಿ ಒಂದು ಮಧ್ಯಾಹ್ನ, ನಾವಿಬ್ಬರೂ ಬಟ್ಟೆ ಹಿಂಡುತ್ತಿದ್ದಾಗ ಕೇಳಿದಳು: "ಯಕ್ಕಾ, ನಿಮ್ಮ ಮಗಾ ಈಗ ಯಾಕ ಮಂದಿ ಮುಂದ ನಡ್ಯೂದಿಲ್ಲ?"

ಬಸ್ಸಿನಲ್ಲಿ ಅವನು ಕೇಳಿದ್ದನ್ನು ಹೇಳಿದೆ. ಹುಣ್ಣಿನ ಸಂಗತಿಯನ್ನೂ ಹೇಳಿದೆ.

ಅವಳು ಬಟ್ಟೆಯನ್ನು ಝಾಡಿಸಿ ಹಗ್ಗಕ್ಕೆ ಹಾಕಿದಳು. "ಅವಗ ನಡ್ಯೂದು ಬಿಡಿಸಿದ್ರಿ, ಛಲೋ ಆತು. ನನಗ ಅಡಗಿ ಮನೀ ಯಾವಾಗ ಬಿಡಸ್ತೀರಿ?"

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಅಲ್ಲವಾ, ನಾ ಅವತ್ತ…" ಎಂದು ಶುರು ಮಾಡಿದೆ. "ಇರ್ಲಿ ಬಿಡ್ರಿ" ಎಂದು ಅವಳು ಮತ್ತೊಂದು ಬಟ್ಟೆ ತೆಗೆದುಕೊಂಡಳು.

ಮುಂದಿನ ಸಲ ಮಂದಿ ಬಂದಾಗ ಅವಳು ಏಳಲಿಲ್ಲ. ಪಡಸಾಲೆಯ ನಡುವೆಯೇ ಕಾಲು ಚಾಚಿ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಗಂಜಿ ಕುಡಿಸತೊಡಗಿದಳು. ಬಂದಿದ್ದವರು ಧಾನ್ಯದ ವ್ಯಾಪಾರಿ ಮನೆತನದವರು, ಗಂಡ ಹೆಂಡತಿ ಮತ್ತು ಒಬ್ಬ ಅತ್ತೆ. ಅತ್ತೆ ಬೇಗನೆ ಹೊರಗೆ ಹೋಗಿ ಕಾರಿನಲ್ಲಿ ಕೂತರು. ಗಂಡ ಗೋಡೆಯ ಪಟ ನೋಡುತ್ತ ನಿಂತ. ಹೆಂಡತಿ ಮಾತ್ರ ಕೆಳಗೆ ಕೂತಳು. ಬಹಳ ಹೊತ್ತು ನೋಡಿ, "ನಾ ಒಂದು ಚಮಚಾ ಹಾಕಲೇನ್ರಿ?" ಎಂದಳು.

"ಹಾಕ್ರಿ. ನಾಲಗಿ ಹಿಂದಕ ಹಾಕಬ್ಯಾಡ್ರಿ, ನೆತ್ತಿಗೇರತೈತಿ. ಬಾಜೂಕ ಹಾಕ್ರಿ."

ಮೊದಲ ಚಮಚೆ ಅವಳ ರೇಷ್ಮೆ ಸೀರೆಯ ಮೇಲೆ ಬಿತ್ತು. ಎರಡನೆಯದೂ ಬಿತ್ತು. ಗಂಡ ಲಗೂ ಬಾ ಎಂದು ಎರಡು ಸಲ ಕರೆದ. ಅವಳು ಬಟ್ಟಲು ಖಾಲಿಯಾಗುವ ತನಕ ಏಳಲಿಲ್ಲ. ಆ ದಿನ ಅವರು ಹಣ ಕೊಡಲಿಲ್ಲ. ಆದರೆ ಮರುವಾರ ಅವಳು ಒಬ್ಬಳೇ ಆಟೋದಲ್ಲಿ ಬಂದಳು, ಈ ಸಲ ಹತ್ತಿ ಸೀರೆ ಉಟ್ಟು. ಮುಂದೆ ವಾರವಾರವೂ ಬಂದಳು. ಆಮೇಲೆ ತನ್ನ ನೆಗೆಣ್ಣಿಯನ್ನೂ ಓಣಿಯ ಇಬ್ಬರನ್ನೂ ಜೊತೆಗೆ ತಂದಳು. ವರ್ಷ ಕಳೆಯುವಷ್ಟರಲ್ಲಿ ಒಬ್ಬ ಆಯಾಳ ಪಗಾರ ಅವರ ಮನೆಯಿಂದ ತಪ್ಪದೆ ಬರತೊಡಗಿತು. ಅದಕ್ಕಾಗಿ ಯಾರೂ ಯಾರನ್ನೂ ನಡೆಸಿ ತೋರಿಸಬೇಕಾಗಲಿಲ್ಲ. ಎಲ್ಲರೂ ಹೀಗಿದ್ದರು ಎಂದಲ್ಲ. ಬಾಗಿಲಲ್ಲಿ ಇಣುಕಿ ಜಿಲೇಬಿ ಪೊಟ್ಟಣ ಇಟ್ಟು ಹೋದವರೂ ಇದ್ದರು. ಬಿಟ್ಟು ಹೋದ ಹಿರಿಯ ಆಯಾಳಿಗೆ ಅಕ್ಕೋರು ಹೇಳಿ ಕಳಿಸಿದರು. ಅವಳು ಆಗಲೇ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು. ಬರಲಿಲ್ಲ.

ಮಗನನ್ನು ಮುಂದೆ ನಮ್ಮ ಓಣಿಯ ಕನ್ನಡ ಸಾಲಿಗೆ ಸೇರಿಸಿದೆವು. ನಾನು ಮೊದಲು ವಾರಕ್ಕೆ ಎರಡು ದಿನ ರಾಯಾಪುರಕ್ಕೆ ಹೋದೆ, ಆಮೇಲೆ ಒಂದು ದಿನ. ಸಾಲಿಯ ಪರೀಕ್ಷೆ ಬಂತು, ಮನೆಯವರ ಅಂಗಡಿಯಲ್ಲಿ ಕೆಲಸ ಹೆಚ್ಚಾಯಿತು, ನಾದಿನಿಯ ಮದುವೆ ಬಂತು. ಕಾರಣಕ್ಕೆ ಕೊರತೆಯಿರಲಿಲ್ಲ. ಖರೇ ಹೇಳಬೇಕೆಂದರೆ, ನನ್ನ ಮಗ ನಡೆದಿದ್ದ. ಅಲ್ಲಿ ಹೋದರೆ ನಡೆಯದ ಮಕ್ಕಳ ತಾಯಂದಿರು ಅವನು ಹೇಗಿದ್ದಾನೆ ಎಂದು ಕೇಳುತ್ತಿದ್ದರು. ಸಾಲಿಯಲ್ಲಿ ಪಾಸಾದ ಎಂದು ಹೇಳುವಾಗ ನನ್ನ ದನಿ ತಾನಾಗಿ ಸಣ್ಣದಾಗುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಹೋಗುವುದನ್ನೇ ಬಿಟ್ಟೆ.

ಹೆಬ್ಬಳ್ಳಿಯ ಆ ಹುಡುಗಿ ಒಂದು ಚಳಿಗಾಲದಲ್ಲಿ ಕಫ ಕಟ್ಟಿ ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ದಿನಕರ್ಮ ಮುಗಿದಿತ್ತು. ಹೋಗಬೇಕೆಂದುಕೊಂಡೆ. ಇಷ್ಟು ತಡವಾಗಿ ಏನು ಮುಖ ಇಟ್ಟುಕೊಂಡು ಹೋಗುವುದು ಎಂದು ಹೋಗಲಿಲ್ಲ. ಹಾಗೆ ಇನ್ನೂ ತಡವಾಯಿತು.

ಬಹಳ ವರ್ಷದ ಮೇಲೆ ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಹೆಬ್ಬಳ್ಳಿಯ ತಾಯಿಯೇ ನನ್ನ ತೋಳು ಹಿಡಿದಳು. ಕೂದಲು ನೆರೆತಿತ್ತು. ಈಗ ಕೇಂದ್ರದಲ್ಲಿ ತಾನೇ ಆಯಾ ಎಂದಳು. "ಮನ್ಯಾಗ ಕುಂತು ಏನ್ ಮಾಡ್ಲಿ ಯಕ್ಕಾ. ಕೈಗೆ ರೂಢಿ ಆಗೇತಿ." ಮಗಳ ವಿಷಯ ನಾನು ತೆಗೆಯುವ ಮೊದಲೇ ಅವಳು ನನ್ನ ಮಗನ ವಿಷಯ ಕೇಳಿದಳು. ಕೋರ್ಟಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ, ಒಂದು ಕೋಲು ಹಿಡಿದು ತಾನೇ ಓಡಾಡುತ್ತಾನೆ ಎಂದೆ. ಅವಳ ಮುಖ ಅರಳಿತು. ಅದರಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

"ನಿನ್ನ ಕೂಸು ಹೋದಾಗ ನಾ ಬರಲಿಲ್ಲ" ಎಂದೆ.

"ಹೌದು, ಬರಲಿಲ್ಲ ನೀವು" ಎಂದಳು. "ದಾರಿ ನೋಡಿದೆ." ನನ್ನ ತೋಳು ಬಿಡದೆ, "ಒಮ್ಮೆ ಬರ್ರಿ ಅತ್ತಾಗ. ಮಂದಿ ಕಡಿಮಿ ಬೀಳಾಕತ್ತಾರ" ಎಂದಳು.

ಎರಡು ಸಲ ಹೋದೆ. ಹಳೆಯ ಮನೆಗೆ ಹೊಸ ಸುಣ್ಣ ಬಳಿದಿದ್ದರು, ಬಚ್ಚಲಿಗೆ ಹಿಡಿಕೆ ಹಾಕಿಸಿದ್ದರು. ಅಕ್ಕೋರಿಗೆ ವಯಸ್ಸಾಗಿತ್ತು. ಕುರ್ಚಿಯಲ್ಲಿ ಕೂತೇ ಮಕ್ಕಳ ಕಾಲು ನೋಡುತ್ತಿದ್ದರು. ಎರಡನೆಯ ಸಲ ಹೊರಡುವಾಗ ನನ್ನ ಕೈ ಹಿಡಿದು ಕೂಡಿಸಿಕೊಂಡರು. ಕಮಿಟಿಗೆ ಸೇರಿಕೊಳ್ಳಿ, ವಾರಕ್ಕೆ ಎರಡು ದಿನ ಬಂದರೆ ಸಾಕು, ಹೊಸ ತಾಯಂದಿರ ಜೊತೆ ಕೂತು ಮಾತಾಡುವವರು ಬೇಕು ಎಂದರು.

"ಮನ್ಯಾಗ ಕೇಳಿ ಹೇಳತೇನ್ರಿ ಅಕ್ಕೋರ" ಎಂದೆ.

ಮನೆಯಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. "ಆಗ್ಲಿ, ಕೇಳ್ರಿ" ಎಂದು ಬಾಗಿಲ ತನಕ ಗೋಡೆ ಹಿಡಿದುಕೊಂಡು ಬಂದು ಕಳಿಸಿದರು. ನಾನು ಇನ್ನೂ ಉತ್ತರ ಹೇಳಿಲ್ಲ.