ಹಳ್ಳಕ್ಕೆ ಸುರಿದ ನೇವರಿ

ಮೊನ್ನೆ ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಾರದೋ ಮನೆಯಿಂದ ಒಣಕೊಬ್ಬರಿ, ಎಳ್ಳು, ಏಲಕ್ಕಿ ಕೂಡಿಸಿ ಹುರಿಯುವ ವಾಸನೆ ಬಂತು. ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಿಮಗೆ ಅದು ಬರೀ ಹಬ್ಬದ ವಾಸನೆ ಇರಬಹುದು. ನನಗೆ ಅದರ ಜೊತೆಗೆ ಇನ್ನೊಂದು ಬೇಕೇ ಬೇಕು, ದಾಂಡೇಲಿಯ ಕಾಗದದ ಮಿಲ್ಲಿನದು, ಬೇಯಿಸಿಟ್ಟು ಮರೆತ ಎಲೆಕೋಸಿನಂಥ ವಾಸನೆ. ಊರಿಗೆ ಬಂದ ನೆಂಟರು ಮೂಗು ಮುಚ್ಚಿಕೊಂಡರೆ ನಮಗೆ ಸಿಟ್ಟು ಬರುತ್ತಿತ್ತು. ಎರಡೂ ಕೂಡಿದರೆ ಡಿಸೆಂಬರು, ಮಿಲ್ಲಿನ ಕ್ವಾರ್ಟರ್ಸು, ನಡುಗೋಡೆಯ ಆಚೆಗಿನ ತೆರೇಜಾ ಮೌಶಿ. ನಿಮ್ಮ ಬಾಲ್ಯದಲ್ಲೂ ಇಂಥವರೊಬ್ಬರು ಇದ್ದಿರಬಹುದು. ಹೆಸರು ನೆನೆದರೆ ಪ್ರೀತಿಗಿಂತ ಮೊದಲು ನಾಚಿಕೆ ಬರುತ್ತದೆ.

ನಮ್ಮಪ್ಪ ಧಾರವಾಡದ ಕಡೆಯಿಂದ ಬಂದು ಮಿಲ್ಲು ಸೇರಿದವನು. ಅವ್ವ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕಿದವಳಲ್ಲ. ಮೌಶಿ ಜೋಯಿಡಾ ಕಡೆಯ ಕ್ರೈಸ್ತರವಳು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ನಮ್ಮದೇ ಮಾತು. ಅವಳಿಗೆ ಜ್ವರ ಬಂದರೆ ಅವ್ವ ಹಣೆಗೆ ತಣ್ಣೀರಿನ ಬಟ್ಟೆ ಹಾಕುತ್ತ ಕೂಡುವಳು. ನನ್ನ ತಮ್ಮ ಹುಟ್ಟಿದಾಗ ಅವನನ್ನು ಮೊದಲು ಎತ್ತಿಕೊಂಡವಳು ಮೌಶಿ. ಪಂಚಮಿಗೆ ನಮ್ಮ ಮನೆಯ ಉಂಡಿ ಹೋದರೆ ಅವರು ಮೆಟ್ಟಿಲ ಮೇಲೆಯೇ ಕೂತು, ನಮ್ಮ ಎದುರಿಗೇ ತಿಂದು ಮುಗಿಸುತ್ತಿದ್ದರು. ಕ್ರಿಸ್‌ಮಸ್ಸಿಗೆ ಆ ಕಡೆಯಿಂದ ಕಸೂತಿ ಬಟ್ಟೆ ಮುಚ್ಚಿದ ತಾಟು ಬರುತ್ತಿತ್ತು, ತುಂಬ ನೇವರಿ. ನೇವರಿ ಅಂದರೆ ಬೇರೇನಲ್ಲ, ನಮ್ಮ ಕರ್ಚಿಕಾಯಿಯೇ. ಅವ್ವ ಎರಡೂ ಕೈಯಿಂದ ತಾಟು ಇಸಿದುಕೊಳ್ಳುವಳು, ನಗುವಳು, “ಯಾಕ ತ್ರಾಸ ತಗೊಂಡ್ರಿ ಬಾಯಾರ” ಅನ್ನುವಳು. ಬಾಗಿಲು ಹಾಕಿದ ಮೇಲೆ ತಾಟು ನನ್ನ ಕೈಗೆ. “ಹಿಂದ ಹಳ್ಳಕ್ಕ ಸುರುವಿ ಬಾ. ಯಾರೂ ನೋಡಬಾರದು.” ಯಾಕೆಂದು ಒಮ್ಮೆ ಕೇಳಿದ್ದೆ. “ಆಕಿ ಮನಸ್ಸು ಚಲೋ ಐತಿ. ಒಲಿ ಬ್ಯಾರೆ” ಅಂದಿದ್ದಳು. ಮಾಂಸ ಬೇಯುವ ಒಲೆ ಎಂದು ಅದರ ಅರ್ಥ.

ನನಗೆ ಒಂಬತ್ತು ವರ್ಷವಾದಾಗ ಮೌಶಿ ತಾಟು ತಂದವಳು ಹೊಸ್ತಿಲ ಆಚೆ ನಿಂತು, “ನಿಮ್ಮ ಸಲುವಾಗಿ ಹೊಸಾ ಕಡಾಯಿ ತಂದೇನ್ರಿ ಅಕ್ಕಾರ. ಬ್ಯಾರೆ ಎಣ್ಣಿ. ಅದರಾಗ ಇನ್ನೇನೂ ಕರದಿಲ್ಲ” ಅಂದಳು. ಅವ್ವನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆದರೂ ತಾಟು ನನ್ನ ಕೈಗೇ ಬಂತು. ಮಧ್ಯಾಹ್ನದ ಬಿಸಿಲು, ಹಳ್ಳದ ದಂಡೆಯ ತುಂಬ ಸಾಗವಾನಿಯ ಒಣ ಎಲೆ. ಬಟ್ಟೆ ಸರಿಸಿದೆ. ಇನ್ನೂ ಬೆಚ್ಚಗಿದ್ದವು. ಒಂದನ್ನು ಬಾಯಿಗೆ ತುರುಕಿಕೊಂಡು, ಉಳಿದವನ್ನು ಸುರುವಿ ಹಿಂದಿರುಗಿದರೆ ಮೌಶಿ ನಿಂತಿದ್ದಳು. ಅಷ್ಟು ಒಣ ಎಲೆಯ ಮೇಲೆ ಸಪ್ಪಳವಿಲ್ಲದೆ ಹೇಗೆ ಬಂದಳೋ ಗೊತ್ತಿಲ್ಲ. ನೀರಿನಲ್ಲಿ ತೇಲುತ್ತಿದ್ದ ನೇವರಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಖಾಲಿ ತಾಟನ್ನು ಬೆನ್ನ ಹಿಂದೆ ಹಿಡಿದೆ. ಅವಳು ಹತ್ತಿರ ಬಂದು ಸೆರಗಿನ ತುದಿಯಿಂದ ನನ್ನ ಬಾಯಿ ಒರೆಸಿದಳು. “ಎಳ್ಳ ಹತ್ಯಾವ ನೋಡು. ಅವ್ವ ನೋಡಿದ್ರ ಬೈತಾಳ.” ಅಷ್ಟೇ ಅಂದು ಹೊರಟುಹೋದಳು. ಮನೆಗೆ ಬಂದಾಗ ಯಾರಾದರೂ ನೋಡಿದರಾ ಎಂದು ಅವ್ವ ಕೇಳಿದಳು. ಇಲ್ಲ ಅಂದೆ.

ಮರುವರ್ಷ ತಾಟು ಬರುವುದಿಲ್ಲ ಎಂದು ನಾನು ನಂಬಿದ್ದೆ. ಬರದಿರಲಿ ಎಂದು ಬೇಡಿಕೊಂಡೂ ಇದ್ದೆ. ಹಬ್ಬದ ಹಿಂದಿನ ದಿನ ಅವರ ಅಡಿಗೆಮನೆಗೆ ಇಣುಕಿದರೆ ಮೌಶಿ ನೆಲದ ಮೇಲೆ ಕೂತು ನೇವರಿಯ ಅಂಚು ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಅದೇ ಹೊಸಾ ಕಡಾಯಿ. ಗೋಡೆಯ ಮೇಲೆ ಯೇಸುವಿನ ಪಟ, ಅದರ ಕೆಳಗೆ ಹಗಲಿನಲ್ಲೂ ಉರಿಯುವ ಕೆಂಪು ಬಲ್ಬು. “ಯಾಕ ಕಳಸ್ತಿ ಮೌಶಿ?” ಅಂದೆ. ಅವಳು ಕೈ ನಿಲ್ಲಿಸಲಿಲ್ಲ. “ನಮ್ಮವ್ವನ ಕೂಡ ಜಗಳಾಡಿ ನಾ ಆ ಮನಿ ಮೆಟ್ಟಲಾ ಹತ್ತಲೇ ಇಲ್ಲ. ಆಕಿ ಸತ್ತಾಗೂ ಹೋಗಲಿಲ್ಲ. ಆದ್ರೂ ದೇವರು ನನಗ ದಿನಾ ತನ್ನ ತಾಟ ಕಳಸ್ಕೋತನ ಅದಾನ. ನಾ ಎಷ್ಟ ಒಗದೇನಿ ಅಂವಗ ಗೊತ್ತೈತಿ. ಅಂವಗ ಬ್ಯಾಸರಾಗಿಲ್ಲ, ನನಗ ಹೆಂಗ ಆಗಬೇಕು?” ಸಣ್ಣವಳಾದ ನನಗೆ ತಿಳಿದದ್ದು ಇಷ್ಟು, ನಾಳೆ ನಾನು ಮತ್ತೆ ಹಳ್ಳಕ್ಕೆ ಹೋಗಬೇಕು. ಹೋದೆ. ಆಮೇಲೂ ಐದು ವರ್ಷ ಹೋದೆ. ಒಂದನ್ನೂ ಬಾಯಿಗೆ ಹಾಕಲಿಲ್ಲ. ಇಂದಿಗೂ ಉಳಿದ ಅನ್ನ ಚೆಲ್ಲುವಾಗ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಸೊಸೆ ನಗುತ್ತಾಳೆ, ನಗಲಿ.

ಅಪ್ಪ ನಿವೃತ್ತನಾದ ಮೇಲೆ ನಾವು ಹಳಿಯಾಳಕ್ಕೆ ಬಂದೆವು. ಮೌಶಿ ಜೋಯಿಡಾದ ಕಡೆ ಹೋದಳು. ಎಷ್ಟೋ ವರ್ಷಗಳ ಮೇಲೆ ಅವಳು ತೀರಿಕೊಂಡ ಸುದ್ದಿ ಬಂತು. ಅವ್ವ ಕಣ್ಣು ಒರೆಸಿಕೊಂಡು, “ಪುಣ್ಯಾ, ಆಕಿಗೆ ಕಡೀತನಾ ಗೊತ್ತಾಗಲಿಲ್ಲ” ಅಂದಳು. ನನ್ನ ನಾಲಗೆ ಸುಮ್ಮನಿರಬೇಕಿತ್ತು. ಆ ನಿರಾಳತನ ಕಂಡು ನನಗೆ ಉರಿದುಹೋಯಿತು. “ಗೊತ್ತಿತ್ತವ್ವಾ. ನಾ ಒಂಬತ್ತ ವರ್ಷದಾಕಿ ಇದ್ದಾಗ ಸುರುವೂದನ್ನ ಹಳ್ಳದ ದಂಡಿ ಮ್ಯಾಲ ನಿಂತ ನೋಡಿದ್ಲು” ಅಂದುಬಿಟ್ಟೆ. ಅವ್ವ ಬೆರಳು ಮಡಚಿ ವರ್ಷ ಎಣಿಸಿದಳು. “ಗೊತ್ತಿದ್ದೂ ಕಳಸಿದ್ಲಾ?”

ಅಂದಿನಿಂದ ಅವ್ವ ಅವ್ವನಾಗಿ ಉಳಿಯಲಿಲ್ಲ. ಊಟದ ನಡುವೆ ಕೈ ನಿಲ್ಲಿಸಿ, “ಒಮ್ಮೆ ಬೈಬೇಕಾಗಿತ್ತಾಕಿ. ಬೈದಿದ್ರ ನಾ ಉಳಕೊಳ್ತಿದ್ದೆ” ಅನ್ನುವಳು. ಮೌಶಿ ಮಾಡಿದ್ದನ್ನು ಅವರ ಚರ್ಚಿನಲ್ಲಿ ಕೃಪೆ ಅನ್ನುತ್ತಾರೆ. ಕೃಪೆಯೆಂದರೆ ತಂಪು ಎಂದುಕೊಂಡಿದ್ದೆ ನಾನು. ಅದು ಬೈಗುಳಕ್ಕಿಂತ ಹೆಚ್ಚು ಸುಡುತ್ತದೆಂದು ಅವ್ವನ ಮುಖ ನೋಡಿ ತಿಳಿಯಿತು. ಡಿಸೆಂಬರು ಬಂದರೆ ಮಧ್ಯಾಹ್ನವೆಲ್ಲ ಹೊಸ್ತಿಲಲ್ಲಿ ಕೂತು ಬೀದಿ ನೋಡುವಳು. ಒಮ್ಮೆ ನಾನೇ ನೇವರಿ ಮಾಡಿ ಮುಂದಿಟ್ಟೆ. ಒಂದನ್ನು ಎತ್ತಿ ನೋಡಿ, ತಿನ್ನದೆ ತಾಟಿಗೆ ಇಟ್ಟಳು.

ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ಕೇಳಿದಳು, “ಖರೇ ಹೇಳು. ನೀನರ ಒಂದ ತಿಂದಿದ್ದಿಯೇನು?” ಒಂಬತ್ತು ವರ್ಷದ ಹುಡುಗಿಯ ಹೆದರಿಕೆಯೇ ಮತ್ತೆ ಬಂತು. “ಹೂಂ ಅವ್ವಾ. ಒಂದ ತಿಂದಿದ್ದೆ.”

“ಆಕಿ ನೋಡಿದ್ಲೇನು, ತಿಂದದ್ದು?”

“ನೋಡಿದ್ಲು.”

ಅವ್ವ ನನ್ನ ಕೈ ಬಿಡಲಿಲ್ಲ. “ಹಂಗಾರ ಒಂದರ ಮುಟ್ಟಿತಲ್ಲ ನಮಗ” ಅಂದಳು.