ನಿಲ್ಲಲು ಕಲಿತ ಕೆಂಚಿ

ಲಾಯದಲ್ಲಿ ಕುದುರೆ ಪಳಗಿಸುವ ಅವನನ್ನು ಎಲ್ಲರೂ ಕ್ಯಾರೆಟ್ ಮಾಮ ಎಂದೇ ಕರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಹೆಚ್ಚಿದ ಕ್ಯಾರೆಟ್, ಅಲ್ಲಾಡದೆ ನಿಂತ ಕುದುರೆಗೆ ಕೊಡಲು. ಬಟ್ಟೆ ಒಗೆಯುವಾಗ ಹೆಂಡತಿಗೆ ಮೈಯೆಲ್ಲಾ ಉರಿಯುತ್ತಿತ್ತು. “ಮದುವೆ ಆದಾಗಿಂದ ನಾನೂ ಅಲ್ಲಾಡ್ದೆ ನಿಂತಿದೀನಿ, ನಂಗೇನು ಕೊಟ್ರಿ?” ಎಂದು ಹಂಗಿಸುತ್ತಿದ್ದಳು. ಮಾಮ ಹಲ್ಲು ಕಿರಿದು ಜಾರಿಕೊಳ್ಳುತ್ತಿದ್ದ.

ಈಚೆಗೆ ಅವನ ತಲೆಯ ತುಂಬ ಕೆಂಚಿ. ಆ ಕೆಂಬಣ್ಣದ ಹೆಣ್ಣು ಕುದುರೆಯ ನಡಿಗೆ, ಓಟ ಎಲ್ಲ ಚೊಕ್ಕ. ಹತ್ತಲು ಹೋದರೆ ಮಾತ್ರ ನಿಲ್ಲುತ್ತಿರಲಿಲ್ಲ. ಜೀನಿನ ರಿಕಾಬಿಗೆ ಒಂದು ಕಾಲಿಟ್ಟರೆ ಸಾಕು, ಹೊರಟೇಬಿಡುತ್ತಿತ್ತು. ಹತ್ತುವವರು ಇನ್ನೊಂದು ಕಾಲಲ್ಲಿ ಕುಪ್ಪಳಿಸುತ್ತ ಜೊತೆಗೇ ಓಡಬೇಕು. ಯಜಮಾನ ಹಾಗೆ ಓಡಿ, ಎಲ್ಲರೆದುರು ಲದ್ದಿಯ ಮೇಲೆ ಬಿದ್ದ ದಿನ ಕಡ್ಡಿ ಮುರಿದಂತೆ ಹೇಳಿದ: “ತಿಂಗಳೊಳಗೆ ಇದು ನಿಲ್ಲೋದು ಕಲೀಲಿಲ್ಲ ಅಂದ್ರೆ ಇಟ್ಟಿಗೆ ಗಾಡಿಯವನಿಗೆ ಮಾರ್ತೀನಿ.” ಇಟ್ಟಿಗೆ ಎಳೆಯುವ ಕುದುರೆಗಳ ಹುಣ್ಣಾದ ಹೆಗಲನ್ನು ಮಾಮ ನೋಡಿದ್ದ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಮಾಮನ ದಾರಿ ನಿಧಾನದ್ದು. ಹತ್ತುವ ಮೆಟ್ಟಿಲ ಪಕ್ಕ ಸುಮ್ಮನೆ ನಿಂತರೆ ಒಂದು ಚೂರು ಕ್ಯಾರೆಟ್. ಜೀನಿನ ಮೇಲೆ ಕೈಯೂರಿದಾಗಲೂ ನಿಂತರೆ ಮತ್ತೊಂದು. ಕದಲಿದರೆ ಬೈಗುಳವಿಲ್ಲ, ಏಟಿಲ್ಲ. ಒಂದು ಸುತ್ತು ಹಾಕಿಸಿ ಮತ್ತೆ ಅಲ್ಲಿಗೇ. ಆಮೇಲೆ ರಿಕಾಬಿಗೆ ಕಾಲು, ಆಮೇಲೆ ಮೈಭಾರ, ಕಡೆಗೆ ಮೆತ್ತಗೆ ಕೂರುವುದು. ಕೂತ ಮೇಲೆ ಬಾಗಿ ಕೊಡುವ ಚೂರು ಎಲ್ಲಕ್ಕಿಂತ ದೊಡ್ಡದು. ಕೆಂಚಿ ಕತ್ತು ಹೊರಳಿಸಿ ಅವನ ಬೂಟಿಗೆ ಮೂತಿ ತಾಗಿಸಿ ಅದನ್ನು ಕೇಳುತ್ತಿತ್ತು, ತಿಂದ ಮೇಲೆಯೇ ಹೆಜ್ಜೆ ಎತ್ತುತ್ತಿತ್ತು. ತಿಂಗಳು ತುಂಬುವ ಹೊತ್ತಿಗೆ ಪಕ್ಕದಲ್ಲೇ ಲಾರಿ ಹಾರನ್ ಹೊಡೆದರೂ ಕದಲುತ್ತಿರಲಿಲ್ಲ. ಮಾಮ ಹಿಗ್ಗಿ ಹೀರೇಕಾಯಿಯಾದ.

ಆ ಹಿಗ್ಗಿನಲ್ಲಿ ಒಂದು ಕೆಲಸ ಬಿಟ್ಟುಹೋಯಿತು. ಆ ಕೊನೆಯ ಚೂರನ್ನು ಮೆಲ್ಲಗೆ ಬಿಡಿಸಿ, ಹಿಮ್ಮಡಿ ಸೋಕಿದ ಕೂಡಲೇ ಹೊರಡುವುದನ್ನು ಕಲಿಸಬೇಕಿತ್ತು. ಕುದುರೆ ಹತ್ತಿದವನು ಅದಕ್ಕೊಂದು ಚೂರೂ ಕೊಡದೆ ಇರುತ್ತಾನೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಯಜಮಾನ ಗೆಳೆಯರನ್ನು ಕರೆದುಕೊಂಡೇ ಬಂದ. ಹತ್ತಿದ. ಕೆಂಚಿ ಕಲ್ಲಿನಂತೆ ನಿಂತಿತ್ತು. “ಭಲೇ!” ಎಂದರು ಗೆಳೆಯರು. ಯಜಮಾನ ಹಿಮ್ಮಡಿಯಿಂದ ತಿವಿದ. ಕೆಂಚಿ ಕತ್ತು ಹೊರಳಿಸಿ ಅವನ ಬೂಟಿಗೆ ಮೂತಿ ತಾಗಿಸಿತು.

“ಒಂದು ಚೂರು ಕೊಡಿ ಯಜಮಾನ್ರೇ, ಹೊರಡ್ತಾಳೆ,” ಎಂದು ಮಾಮ ಬೇಲಿಯಾಚೆಯಿಂದ ಕೈಚಾಚಿದ.

“ಕುದುರೆಗೂ ಲಂಚ ಕೊಡ್ಬೇಕೇನೋ ನಾನು? ತೆಗಿ ಅದನ್ನ!”

ಗೆಳೆಯರು ಗೊಳ್ಳೆಂದು ನಕ್ಕರು. ಯಜಮಾನನ ಮುಖ ಕೆಂಪೇರಿತು, ಚಾಟಿ ಬೀಸಿದ. ಕೆಂಚಿ ನಡುಗಿತು, ಆದರೆ ಇನ್ನೂ ಬಿಗಿಯಾಗಿ ನಿಂತಿತು. ನಿಂತರೆ ಒಳ್ಳೆಯದಾಗುತ್ತದೆ ಎಂಬುದೊಂದೇ ಪಾಪ ಅದಕ್ಕೆ ಗೊತ್ತಿದ್ದದ್ದು. ಒಂದೊಂದು ಏಟಿಗೂ ಮಾಮನ ಕಡೆ ನೋಡಿತು.

“ನಿಲ್ಲೋದು ಕಲ್ಸಿದೋನು ನೀನೇ ತಾನೆ? ಈಗ ನೀನೇ ಓಡ್ಸು. ಇಲ್ಲಾಂದ್ರೆ ನಾಳೇನೇ ಗಾಡಿಯವನನ್ನ ಕರೀತೀನಿ,” ಎಂದು ಯಜಮಾನ ಚಾಟಿಯನ್ನು ಅವನತ್ತ ಎಸೆದ.

ಮಾಮ ಕಾಲೆಳೆಯುತ್ತ ಒಳಗೆ ಬಂದ. ಅವನನ್ನು ಕಂಡು ಕೆಂಚಿ ಕಿವಿ ನಿಮಿರಿಸಿ ತುಟಿ ಮುಂದೆ ಚಾಚಿತು. ಅವನು ಕಣ್ಣು ಮುಚ್ಚಿಕೊಂಡು ಹೊಡೆದ. ಕುದುರೆ ಯಜಮಾನನನ್ನು ಹೊತ್ತುಕೊಂಡೇ ಹೌಹಾರಿ ಓಡಿತು.

“ನೋಡಿದ್ಯಾ, ಎಷ್ಟು ಸುಲಭ!” ಎಂದು ಯಜಮಾನ ದೂರದಿಂದ ಕೂಗಿದ.

ಕೆಂಚಿ ಲಾಯದಲ್ಲೇ ಉಳಿಯಿತು. ಈಗ ಮೇವು ಹಾಕಲು ಮಾಮ ಬಾಗಿಲು ತೆರೆದರೆ ಅದು ಹಿಂದಿನ ಗೋಡೆಗೆ ಅಂಟಿಕೊಂಡು, ಒಂದಿಷ್ಟೂ ಕದಲದೆ ನಿಲ್ಲುತ್ತದೆ.